ಓದಲು ಕೊಟ್ಟ ಮೋಟಾರು

ಗ್ರಂಥಪಾಲಕರಿಗೆ ಕೈಕೆಲಸ ಬರುತ್ತಿರಲಿಲ್ಲ. ಕೈಗಳೇನೋ ಎರಡೂ ಇದ್ದವು. ಆದರೆ ಅವು ಪುಟ ತಿರುಗಿಸಲು, ಚಹಾದ ಲೋಟ ಹಿಡಿಯಲು, ಮಧ್ಯಾಹ್ನದ ಹೊತ್ತು ಗಲ್ಲಕ್ಕೆ ಆಸರೆ ಕೊಡಲು ಮಾತ್ರ ಬರುವ ಕೈಗಳು. ಅವರು ಮೊಳೆ ಹೊಡೆದರೆ ಗೋಡೆ ಒಳಗೆ ಹೋಗುತ್ತಿತ್ತು, ಮೊಳೆ ಹೊರಗೇ ಉಳಿಯುತ್ತಿತ್ತು. ಬಲ್ಬು ಬದಲಿಸಲು ಸ್ಟೂಲು ಹತ್ತಿದರೆ ಹೆಂಡತಿ ಬಂದು, ಮೊದಲು ಕೈಯಲ್ಲಿದ್ದ ಬಲ್ಬನ್ನು ಇಸಿದುಕೊಂಡು, ಆಮೇಲೆ ಅವರನ್ನು ಇಳಿಸಿ, ತಾನೇ ಹತ್ತುತ್ತಿದ್ದಳು. ಆಕೆ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವವಳು; ಹೊಲಿಗೆ ಯಂತ್ರ ಕೆಟ್ಟರೆ ತಾನೇ ಬಿಚ್ಚಿ ತಾನೇ ಜೋಡಿಸುವವಳು.

"ರೀ, ಅದನ್ನ ಮುಟ್ಬೇಡಿ, ಇನ್ನೂ ಚೆನ್ನಾಗಿದೆ" ಎಂಬುದು ಆ ಮನೆಯಲ್ಲಿ ಗಡಿಯಾರದ ಸದ್ದಿನಷ್ಟೇ ಮಾಮೂಲಿ ಮಾತಾಗಿತ್ತು.

ಶಾಲೆಯಲ್ಲಿ ಈ ಕೊರತೆ ಯಾರಿಗೂ ಕಾಣುತ್ತಿರಲಿಲ್ಲ. ಅದು ಐದನೇ ತರಗತಿಯವರೆಗಿನ ಶಾಲೆ. ಗ್ರಂಥಾಲಯವು ಮೇಲಿನ ಮಹಡಿಯ ತುದಿಯ ಕೊಠಡಿ. ಪಡುವಣಕ್ಕೆ ಮೂರು ಕಿಟಕಿ, ಗೋಡೆಯುದ್ದಕ್ಕೂ ಗಾಜಿನ ಬೀರುಗಳು, ಬೀರುಗಳಿಗೆ ಬೀಗ. ಒಳಗಿನ ಪುಸ್ತಕಗಳಿಗೆಲ್ಲ ಹೆಂಡತಿಯ ಕೈಯಿಂದ ಕಂದು ಕಾಗದದ ಬೈಂಡು ಹಾಕಿಸಿದ್ದರಿಂದ ಅವು ಸಮವಸ್ತ್ರ ತೊಟ್ಟು ಸಾಲಾಗಿ ನಿಂತ ಮಕ್ಕಳ ಹಾಗೆ ಕಾಣುತ್ತಿದ್ದವು, ಮತ್ತು ಆ ಮಕ್ಕಳ ಹಾಗೆಯೇ ಮನೆಗೆ ಹೋಗಲು ಅಪ್ಪಣೆಗಾಗಿ ಕಾಯುತ್ತಿದ್ದವು. ಅಪ್ಪಣೆ ಯಾವತ್ತೂ ಸಿಕ್ಕಿರಲಿಲ್ಲ. ಮಕ್ಕಳು ಬಂದು, ಬೆಂಚಿನ ಮೇಲೆ ಕೂತು, ಕೊಟ್ಟಿದ್ದನ್ನು ಓದಿ, ವಾಪಸು ಕೊಟ್ಟು ಹೋಗಬೇಕು. ಯಾರಾದರೂ ಉಸಿರು ಜೋರಾಗಿ ಬಿಟ್ಟರೆ ಗ್ರಂಥಪಾಲಕರು "ಶ್" ಎನ್ನುತ್ತಿದ್ದರು. ಮಕ್ಕಳು ಅವರಿಗೆ ಇಟ್ಟ ಹೆಸರು ಶ್ ಸರ್.

ಊಟದ ನಂತರ ಬಿಸಿಲು ಕಿಟಕಿಯಿಂದ ಇಳಿದು ಬೀರುಗಳ ಗಾಜಿನ ಮೇಲೆ ನಿಧಾನಕ್ಕೆ ನಡೆಯುತ್ತಿತ್ತು. ಆ ಬಿಸಿಲಿನ ಪಟ್ಟಿಯಲ್ಲಿ ಧೂಳಿನ ಕಣಗಳು ಮೇಲೇರುತ್ತ, ಇಳಿಯುತ್ತ, ಏನೋ ಮರೆತವರಂತೆ ಮತ್ತೆ ಏರುತ್ತ ಇರುತ್ತಿದ್ದವು. ಗ್ರಂಥಪಾಲಕರು ಅದನ್ನು ನೋಡುತ್ತ ಕೂರುತ್ತಿದ್ದರು. ಅದು ನಿದ್ದೆಯಲ್ಲ, ನಿದ್ದೆಯ ಪಕ್ಕದ ಮನೆ. ಅಲ್ಲಿ ಅವರು ಹದಿನೆಂಟು ವರ್ಷದಿಂದ ಬಾಡಿಗೆಗಿದ್ದರು. ಜಗತ್ತಿನಲ್ಲಿ ಅವರಿಗೆ ಬೇಕಾದದ್ದೆಂದರೆ ಆ ಕೊಠಡಿ ಮತ್ತು ಆ ಬಿಸಿಲು, ಅಷ್ಟೇ.

ಇಂಥ ಮನುಷ್ಯನ ಮೇಲೆ ಒಂದು ಪೆಟ್ಟಿಗೆ ಬಂದು ಬಿತ್ತು.

"ಮೇಲಿನಿಂದ ಆದೇಶ ಬಂದಿದೆ" ಎಂದರು ಹೆಡ್ ಮೇಡಂ, ಸಿಬ್ಬಂದಿ ಸಭೆಯಲ್ಲಿ. "ಇನ್ಮೇಲೆ ಲೈಬ್ರರಿ ಅಂದ್ರೆ ಬರೀ ಪುಸ್ತಕ ಅಲ್ಲ. ಮಕ್ಕಳು ಅಲ್ಲೇ ಕೂತು ಕೈಯಾರೆ ಏನಾದ್ರೂ ತಯಾರಿಸ್ಬೇಕು. ಮೋಟಾರು, ಬಲ್ಬು, ಚಕ್ರ, ಬ್ಯಾಟರಿ ಎಲ್ಲಾ ಪೆಟ್ಟಿಗೇಲಿ ಕಳ್ಸಿದಾರೆ. ತಿಂಗಳ ಕೊನೇಲಿ ಅಧಿಕಾರಿ ನೋಡೋಕೆ ಬರ್ತಾರೆ."

ಪಿ.ಟಿ. ಮೇಷ್ಟ್ರು ಎದ್ದು ನಿಂತರು. ಅವರು ಕೂತಿದ್ದಾಗಲೂ ಎದ್ದು ನಿಂತಂತೆಯೇ ಕಾಣುವಷ್ಟು ಎತ್ತರದವರು. "ಮೇಡಂ, ಆ ರೂಮು ಪೆಟ್ಟಿಗೆ ಸಮೇತ ನಂಗೆ ಕೊಟ್ಬಿಡಿ. ವ್ಯಾಯಾಮದ ಮ್ಯಾಟು ಇಡೋಕೆ ಜಾಗ ಇಲ್ದೆ ಸಾಯ್ತಿದೀನಿ. ಸಾರು ಪಾಪ ಕೆಳಗೆ ಆಫೀಸಲ್ಲಿ ಹಾಜರಿ ಬರ್ಕೊಂಡು ಆರಾಮಾಗಿರ್ಲಿ. ಅವ್ರಿಗೆ ಸ್ಕ್ರೂ ಯಾವ ಕಡೆ ತಿರುಗುತ್ತೆ ಅಂತ ಗೊತ್ತಾ ಕೇಳಿ."

"ನಮ್ಮನೇಲಿ ರಿಪೇರಿ ಎಲ್ಲಾ ನಾನೇ ಮಾಡೋದು" ಎಂಬ ಮಾತು ಕೇಳಿಸಿತು. ಗ್ರಂಥಪಾಲಕರು ಯಾರು ಹೇಳಿದ್ದೆಂದು ಹಿಂದೆ ತಿರುಗಿ ನೋಡಿದರು. ಹಿಂದೆ ಗೋಡೆ ಇತ್ತು.

"ಹೊಲಿಗೆ ಮಷೀನೂ?" ಎಂದರು ಪಿ.ಟಿ. ಮೇಷ್ಟ್ರು.

"ಅದನ್ನ ಕಣ್ಣು ಮುಚ್ಕೊಂಡು."

ಹೆಡ್ ಮೇಡಂ ಚಷ್ಮಾ ತೆಗೆದು ಒರೆಸಿದರು. "ಸರಿ. ಅಧಿಕಾರಿ ಮೆಚ್ಚಿದ್ರೆ ರೂಮು ನಿಮ್ದು. ಇಲ್ಲಾಂದ್ರೆ ಮ್ಯಾಟಿಂದು."

ಪೆಟ್ಟಿಗೆಯನ್ನು ಗ್ರಂಥಪಾಲಕರು ಬಾಗಿಲು ಹಾಕಿಕೊಂಡು ತೆರೆದರು. ಒಳಗಿದ್ದ ವಸ್ತುಗಳು ಅವರನ್ನು ನೋಡಿದವು, ಅವರು ಅವನ್ನು ನೋಡಿದರು. ಪರಿಚಯ ಮಾಡಿಕೊಡುವವರು ಯಾರೂ ಇರಲಿಲ್ಲ. ಹೇಗೆ ಜೋಡಿಸಬೇಕೆಂದು ಚಿತ್ರ ಬರೆದ ಪುಸ್ತಿಕೆಯೊಂದು ಸಿಕ್ಕಿತು. ಪುಸ್ತಕ ಕಂಡ ಕೂಡಲೇ ಅವರಿಗೆ ಜೀವ ಬಂದು, ಅದಕ್ಕೆ ಮೊಹರು ಒತ್ತಿ, ನಂಬರು ಕೊಟ್ಟು, ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅಲ್ಲಿಗೆ ದಾರಿಯೂ ಹೊಳೆಯಿತು. ಗ್ರಂಥಾಲಯಕ್ಕೆ ಬಂದ ವಸ್ತುವಿಗೆ ಏನು ಮಾಡಬೇಕೆಂದು ಅವರಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು?

ಅವರು ಮೋಟಾರುಗಳ ಹೊಟ್ಟೆಯ ಮೇಲೆ ಶಾಲೆಯ ಮೊಹರು ಒತ್ತಿದರು. ಬ್ಯಾಟರಿಗಳ ಬೆನ್ನಿಗೆ ಚೀಟಿ ಅಂಟಿಸಿದರು. ಆಮೇಲೆ ವಿಷಯವಾರು ಜೋಡಿಸಿದರು. ಚಕ್ರಗಳು ಊರೂರು ಸುತ್ತುವುದರಿಂದ ಪ್ರವಾಸದ ವಿಭಾಗಕ್ಕೆ ಹೋದವು. ಬಲ್ಬುಗಳನ್ನು ಮಹನೀಯರ ಜೀವನಚರಿತ್ರೆಗಳ ಪಕ್ಕ ಇಟ್ಟರು. ಅಯಸ್ಕಾಂತ ಒಳ್ಳೆಯದರ ಕಡೆಗೆ ಎಳೆಯುತ್ತದೋ ಕೆಟ್ಟದ್ದರ ಕಡೆಗೋ ಎಂದು ಸ್ವಲ್ಪ ಹೊತ್ತು ಯೋಚಿಸಿ ನೀತಿಕಥೆಗಳಿಗೆ ಸೇರಿಸಿದರು. ಉದ್ದವಾಗಿ, ಗೋಜಲಾಗಿ, ಎಲ್ಲಿ ಶುರು ಎಲ್ಲಿ ಕೊನೆ ತಿಳಿಯದಂತಿದ್ದ ವೈರಿನ ಸುರುಳಿಯನ್ನು ಕಾದಂಬರಿಗಳ ನಡುವೆ ತುರುಕಿದರು. ಮೋಟಾರು ಮಾತ್ರ ಯಾವುದಕ್ಕೂ ಒಗ್ಗಲಿಲ್ಲ. ಅದು "ಇತರೆ"ಯಲ್ಲಿ ಕೂತಿತು.

ಮರುದಿನ ಮೂರನೇ ತರಗತಿ ಬಂತು. ಗ್ರಂಥಪಾಲಕರು ಒಬ್ಬೊಬ್ಬರಿಗೆ ಒಂದೊಂದು ವಸ್ತು ಕೊಟ್ಟರು.

ಆ ತರಗತಿಯಲ್ಲೊಬ್ಬಳು ಹುಡುಗಿ ಇದ್ದಳು. ಉತ್ತರ ಬಂದ ಮೇಲೂ ಪ್ರಶ್ನೆ ನಿಲ್ಲಿಸದವಳಾದ್ದರಿಂದ ಶಿಕ್ಷಕರೆಲ್ಲ ಅವಳನ್ನು ಪ್ರಶ್ನೆಪತ್ರಿಕೆ ಎಂದು ಕರೆಯುತ್ತಿದ್ದರು. ಅವಳ ಕೈಗೆ ಮೋಟಾರು ಬಂದಿತ್ತು.

"ಸರ್, ಇದನ್ನೇನು ಮಾಡೋದು?"

"ಓದು."

"ಇದ್ರಲ್ಲಿ ಅಕ್ಷರ ಇಲ್ವಲ್ಲ ಸರ್."

"ಚಿತ್ರದ ಪುಸ್ತಕದಲ್ಲಿ ಇರುತ್ತಾ?"

"ಇದ್ರಲ್ಲಿ ಚಿತ್ರಾನೂ ಇಲ್ಲ."

"ಹಾಗಾದ್ರೆ ಸ್ವಲ್ಪ ಕಷ್ಟದ ಪುಸ್ತಕ. ನಿಧಾನಕ್ಕೆ ಓದು. ಮನಸ್ಸಿನಲ್ಲಿ. ಶ್."

ಮಕ್ಕಳು ಓದತೊಡಗಿದರು. ದೊಡ್ಡವರು ಹೇಳಿದ ಅಸಂಬದ್ಧ ಮಾತನ್ನು ಮಕ್ಕಳು ತಕ್ಷಣ ನಂಬುತ್ತಾರೆ, ಸರಿಯಾದ ಮಾತಿಗೇ ಸಾಕ್ಷಿ ಕೇಳುವುದು. ಒಬ್ಬ ಚಕ್ರದ ತೂತಿನಿಂದ ಕಿಟಕಿ ನೋಡಿದ. ಇನ್ನೊಬ್ಬಳು ಬಲ್ಬನ್ನು ಬಿಸಿಲಿಗೆ ಹಿಡಿದು ಒಳಗಿನ ಕೂದಲೆಳೆಯಂಥ ತಂತಿಯನ್ನು ಉಸಿರು ಬಿಗಿಹಿಡಿದು ನೋಡಿದಳು. ಪ್ರಶ್ನೆಪತ್ರಿಕೆ ಮೋಟಾರನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು. ಬಿಸಿಲು ಗಾಜಿನ ಮೇಲೆ ಒಂದು ಬೀರು ದಾಟಿ ಇನ್ನೊಂದಕ್ಕೆ ಬಂತು. "ಶ್" ಎನ್ನಲು ಬಾಯಿ ತೆರೆದ ಗ್ರಂಥಪಾಲಕರು, ಸುಮ್ಮನಿದ್ದವರಿಗೆ ಅದನ್ನು ಹೇಳಿ ಪ್ರಯೋಜನವಿಲ್ಲವೆಂದು ಆ ಬಾಯಿಂದ ಆಕಳಿಸಿದರು.

ಗಂಟೆ ಹೊಡೆಯುವ ಮುಂಚೆ ಕೇಳಿದರು, "ಏನು ಓದಿದೆ?"

"ಇದರೊಳಗೆ ಒಬ್ಬ ಇದಾನೆ ಸರ್" ಎಂದಳು ಪ್ರಶ್ನೆಪತ್ರಿಕೆ. "ದುಂಡಗೆ ಓಡೋದು ಅವನ ಕೆಲಸ. ಯಾರೋ ಓಡು ಅಂತ ಹೇಳ್ಲಿ ಅಂತ ಕಾಯ್ತಿದಾನೆ. ಬೆರಳಲ್ಲಿ ತಿರುಗಿಸಿದ್ರೆ ಸ್ವಲ್ಪ ಓಡ್ತಾನೆ, ಆಮೇಲೆ ನಿಂತ್ಬಿಡ್ತಾನೆ. ಮುಂದೇನಾಗುತ್ತೆ ಸರ್?"

"ಮುಂದಿನ ಸಲ ಓದು" ಎಂದರು ಗ್ರಂಥಪಾಲಕರು. ಆ ಸಂಜೆ ಮನೆಗೆ ಹೋಗುವಾಗ, ಮುಂದೇನಾಗುತ್ತದೆಂದು ಅವರೂ ಯೋಚಿಸುತ್ತಿದ್ದರು.

ಒಂದು ದಿನ ಹೆಡ್ ಮೇಡಂ ಆ ದಾರಿಯಾಗಿ ಹೋಗುತ್ತ ಬಾಗಿಲಲ್ಲಿ ನಿಂತರು. ಇಡೀ ಶಾಲೆ ಸಂತೆಯಂತೆ ಕೂಗುತ್ತಿದ್ದಾಗ ಈ ಕೊಠಡಿಯಲ್ಲಿ ಒಂದು ತರಗತಿಯ ಅಷ್ಟೂ ಮಕ್ಕಳು ಒಂದೊಂದು ತುಂಡು ಕಬ್ಬಿಣ ಹಿಡಿದು ಧ್ಯಾನಸ್ಥರಾಗಿದ್ದರು. ಹೆಡ್ ಮೇಡಂ ತಮ್ಮ ಸೇವಾವಧಿಯಲ್ಲಿ ಇಂಥ ದೃಶ್ಯವನ್ನು ರಜಾದಿನಗಳಲ್ಲೂ ಕಂಡಿರಲಿಲ್ಲ.

"ಇದೇನು ವಿಧಾನ?" ಎಂದು ಪಿಸುಗುಟ್ಟಿದರು.

"ಮೊದಲು ವಸ್ತುವನ್ನ ಓದ್ಬೇಕು ಮೇಡಂ" ಎಂದರು ಗ್ರಂಥಪಾಲಕರು. "ಓದದೆ ಕೈ ಹಾಕ್ಬಾರದು."

"ಎಲ್ಲಿ ಕಲಿತ್ರಿ?"

"ಮನೇಲಿ" ಎಂದರು ಅವರು. ಮನೆಯಲ್ಲಿ ಕೈ ಹಾಕಬಾರದೆಂದು ಕಲಿತದ್ದಂತೂ ನಿಜವೇ.

ಸುದ್ದಿ ಗೇಟು ದಾಟಿತು. ಮೂರನೇ ದಿನ ದಿನಸಿ ಅಂಗಡಿಯವನು ಮಗನ ಸಮೇತ ಬಂದ. "ಮೇಷ್ಟ್ರೇ, ಇವನು ತಕ್ಕಡಿ ಮುಂದೆ ಕೂತ್ಬಿಟ್ಟಿದಾನೆ. ಗಿರಾಕಿ ಕಾಯ್ತಿದಾರೆ, ತೂಕ ಹಾಕೋಕೆ ಬಿಡ್ತಿಲ್ಲ. ಕೇಳಿದ್ರೆ ಇನ್ನೂ ಅರ್ಧ ಓದೋದಿದೆ ಅಂತಾನೆ." ಇನ್ನೊಬ್ಬ ತಾಯಿಯ ದೂರು ಬೇರೆ: ಮಗಳು ಮಲಗಿಕೊಂಡು ಫ್ಯಾನು ಓದುತ್ತಾಳೆ, ಊಟಕ್ಕೆ ಕರೆದರೆ ಫ್ಯಾನು ನಿಲ್ಲಿಸಿ, ಎಲ್ಲಿವರೆಗೆ ಓದಿದ್ದೆಂದು ಗುರುತಿಗೆ ಒಂದು ರೆಕ್ಕೆಗೆ ದಾರ ಕಟ್ಟಿ ಬರುತ್ತಾಳೆ. ಆದರೆ ದೂರಿನ ಕೊನೆಗೆ ಎಲ್ಲರೂ ದನಿ ತಗ್ಗಿಸಿ ಒಂದೇ ಮಾತು ಸೇರಿಸುತ್ತಿದ್ದರು: "ಒಟ್ನಲ್ಲಿ ಸುಮ್ಮನೆ ಕೂತ್ಕೋತಾವಲ್ಲ, ಅದೇ ಪುಣ್ಯ. ಹೀಗೇ ಮುಂದುವರಿಸಿ."

ನೆರೆಹೊರೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮ್ಯಾನ್ ಒಂದು ಭಾನುವಾರ ರೇಡಿಯೋ ತಬ್ಬಿಕೊಂಡು ಬಂದರು. "ಬೆಳಿಗ್ಗೆಯಿಂದ ಉಸಿರೇ ಇಲ್ಲ ಮೇಷ್ಟ್ರೇ. ಸ್ವಲ್ಪ ನೋಡಿ." ಹೇಳಿ, ತಾವೇ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರು.

ಗ್ರಂಥಪಾಲಕರು ನೋಡಿದರು. ಅದನ್ನು ಬಿಟ್ಟರೆ ಅವರಿಗೆ ಬೇರೇನೂ ಬರುತ್ತಿರಲಿಲ್ಲ. ತಲೆ ಓರೆ ಮಾಡಿ, ಅರ್ಧ ಕಣ್ಣು ಮುಚ್ಚಿ ನೋಡಿದರು. ಪೋಸ್ಟ್‌ಮ್ಯಾನ್ ಕೈಕಟ್ಟಿ ನಿಂತರು. ನೊಣವೊಂದು ರೇಡಿಯೋ ಮೇಲೆ ಕೂತು ಅದೂ ನೋಡಿತು. ಬಹಳ ಹೊತ್ತಿನ ಮೇಲೆ ರೇಡಿಯೋ ಗರ್ರೆಂದು ಹವಾಮಾನ ವರದಿ ಓದತೊಡಗಿತು.

ಬೀದಿಗೆಲ್ಲ ಬೆಳಿಗ್ಗೆಯಿಂದ ಕರೆಂಟು ಹೋಗಿ ಆಗ ತಾನೇ ಬಂದಿತ್ತೆಂಬುದು ಇಬ್ಬರಿಗೂ ಹೊಳೆಯಲಿಲ್ಲ.

"ಮುಟ್ಟಲೇ ಇಲ್ಲ" ಎಂದು ಪೋಸ್ಟ್‌ಮ್ಯಾನ್ ಬೀದಿಯ ಮನೆಮನೆಗೂ ಹೇಳಿದರು. ಮೂವತ್ತು ವರ್ಷ ಮನೆಮನೆಗೆ ಸುದ್ದಿ ಮುಟ್ಟಿಸಿದ ಮನುಷ್ಯ; ಒಂದು ಬಾಗಿಲೂ ತಪ್ಪಲಿಲ್ಲ. "ನೋಡಿದ್ರು. ಅಷ್ಟೇ. ಅದಕ್ಕೇ ನಾಚಿಕೆಯಾಗಿ ಶುರುವಾಯ್ತು."

ವಾರದೊಳಗೆ ಜಗಲಿಯಲ್ಲಿ ಇಸ್ತ್ರಿಪೆಟ್ಟಿಗೆ, ಮಿಕ್ಸಿ, ಟೇಬಲ್ ಫ್ಯಾನುಗಳು ಸಾಲುಗಟ್ಟಿದವು. ಗ್ರಂಥಪಾಲಕರು ಸಂಜೆ ಹೊತ್ತು ಒಂದೊಂದರ ಮುಂದೆ ಕೂತು ಗಂಭೀರವಾಗಿ ನೋಡುತ್ತಿದ್ದರು. ಅವರು ಒಳಗೆ ಹೋದ ಮೇಲೆ ಹೆಂಡತಿ ಹೊಲಿಗೆ ಬದಿಗಿಟ್ಟು, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡು, ಬಿಚ್ಚಿ ಸರಿಮಾಡುತ್ತಿದ್ದಳು.

"ಓದೋದು ನೀವು, ಪರೀಕ್ಷೆ ಬರೆಯೋದು ನಾನು" ಎಂದಳು ಒಂದು ದಿನ. "ಅಂದ ಹಾಗೆ, ನಮ್ಮ ಬಚ್ಚಲಿನ ನಲ್ಲಿ ಸೋರ್ತಿದೆ. ಅದನ್ನೂ ಒಂದು ಅಧ್ಯಾಯ ಓದಿಬಿಡಿ."

"ಅದು ಬೇರೆ ವಿಭಾಗ" ಎಂದರು ಗ್ರಂಥಪಾಲಕರು.

ತಿಂಗಳ ಕೊನೆಗೆ ಅಧಿಕಾರಿ ಬಂದರು. ದಣಿದ ಮುಖ, ಕಂಕುಳಲ್ಲಿ ಚರ್ಮದ ಚೀಲ. ಅಂದು ಬೆಳಿಗ್ಗೆಯಿಂದ ಅವರು ನೋಡಿದ ನಾಲ್ಕನೆಯ ಶಾಲೆ ಇದು. ಹೆಡ್ ಮೇಡಂ ಅವರನ್ನು ಮೇಲಕ್ಕೆ ಕರೆತಂದರು. ಹಿಂದೆಯೇ ಪಿ.ಟಿ. ಮೇಷ್ಟ್ರು ಅಳತೆಯ ಟೇಪು ಹಿಡಿದು ಬಂದು, ಯಾರನ್ನೂ ಕೇಳದೆ ಬಾಗಿಲಿನಿಂದ ಕಿಟಕಿಯವರೆಗೆ ಅಳೆಯತೊಡಗಿದರು.

ಮಕ್ಕಳು ಓದುತ್ತಿದ್ದರು. ಅಧಿಕಾರಿ ಸ್ವಲ್ಪ ಹೊತ್ತು ನೋಡಿ ಕೇಳಿದರು, "ಚೆನ್ನಾಗಿದೆ. ತಯಾರಿಸಿದ್ದು ಎಲ್ಲಿ?"

ಪಿ.ಟಿ. ಮೇಷ್ಟ್ರ ಟೇಪು ಸರ್ರೆಂದು ಸುತ್ತಿಕೊಂಡಿತು.

"ಓದ್ತಾ ಇದಾರೆ ಸರ್" ಎಂದರು ಗ್ರಂಥಪಾಲಕರು.

"ಅದು ಸರಿ. ಕೈಯಾರೆ ಮಾಡಿದ್ದು?"

ಗ್ರಂಥಪಾಲಕರು ತಮ್ಮ ಕೈಗಳ ಕಡೆ ನೋಡಿದರು. ಪಿ.ಟಿ. ಮೇಷ್ಟ್ರು ಮೂಲೆಯಲ್ಲಿ, "ಎರಡು ಸಾಲು ಹಿಡಿಯುತ್ತೆ" ಎಂದು ತಮಗೇ ಹೇಳಿಕೊಂಡರು.

ಪ್ರಶ್ನೆಪತ್ರಿಕೆ ಎದ್ದಳು. "ಸರ್, ನಾವೆಲ್ಲ ಓದಿ ಮುಗ್ಸಿದೀವಿ. ಈಗ ಎಲ್ಲಾ ಸೇರಿಸಿ ಒಂದು ಕಥೆ ಕಟ್ಟಬಹುದಾ?"

ಅಧಿಕಾರಿಯ ಮುಂದೆ ಬೇಡವೆನ್ನುವ ಧೈರ್ಯ ಗ್ರಂಥಪಾಲಕರಿಗಿರಲಿಲ್ಲ. ತಲೆಯಾಡಿಸಿದರು.

ಮಕ್ಕಳು ಬೆಂಚು ಬಿಟ್ಟು ನೆಲಕ್ಕಿಳಿದರು. ಒಬ್ಬಳ ಬಲ್ಬು ಇನ್ನೊಬ್ಬನ ಬ್ಯಾಟರಿಗೆ ಸೇರಿ ಹೊತ್ತಿಕೊಂಡಿತು, ಆರಿತು, ಮತ್ತೆ ಹೊತ್ತಿತು. ಮೋಟಾರು ಹುಚ್ಚೆದ್ದು ತಿರುಗಿದಾಗ ದಿನಸಿ ಅಂಗಡಿಯವನ ಮಗ, "ತಾಳು, ಚಿಕ್ಕ ಚಕ್ರದಿಂದ ದೊಡ್ಡದಕ್ಕೆ, ಅಲ್ಲಿಂದ ಇನ್ನೂ ದೊಡ್ಡದಕ್ಕೆ ಕೊಟ್ರೆ ನಿಧಾನ ಆಗ್ತಾನೆ" ಎಂದ. ಹಲ್ಲಿರುವ ಚಕ್ರಗಳನ್ನು ಒಂದಕ್ಕೊಂದು ಕಚ್ಚಿಸಿದರು. ಮೂಲೆಯಲ್ಲಿ ಯಾರೋ ಎಂದೋ ಮರೆತುಹೋದ ಛತ್ರಿಯೊಂದಿತ್ತು. ಅದರ ಬಟ್ಟೆ ಕಳಚಿ ಕಡ್ಡಿಗಳನ್ನು ಬಿಡಿಸಿದರು.

"ಕಾಗದ ಬೇಕು ಸರ್" ಎಂದಳು ಪ್ರಶ್ನೆಪತ್ರಿಕೆ. "ತುಂಬಾ ಬೇಕು."

ಕಾಗದ ಇರಲಿಲ್ಲ. ಅಧಿಕಾರಿ ನೋಡುತ್ತಿದ್ದರು. ಗ್ರಂಥಪಾಲಕರು ಬೀರುಗಳ ಬೀಗ ತೆಗೆದರು.

ಪುಸ್ತಕಗಳ ಕಂದು ಬೈಂಡುಗಳು ಒಂದೊಂದಾಗಿ ಕಳಚಿದವು. ಕೆಳಗಿನಿಂದ ಹಳದಿ, ಕೆಂಪು, ಗಿಣಿಹಸಿರು ಮುಖಪುಟಗಳು ಹೊರಬಂದವು: ಟೋಪಿ ಹಾಕಿದ ಕರಡಿ, ದೋಣಿಯಲ್ಲಿ ಕೂತ ಚಂದ್ರ, ಮೂರು ಕಾಲಿನ ರಾಜ. ಹದಿನೆಂಟು ವರ್ಷ ತಾವೇ ಕಾವಲು ಕಾದ ಪುಸ್ತಕಗಳನ್ನು ಗ್ರಂಥಪಾಲಕರು ಹೊಸ ನೆಂಟರನ್ನು ನೋಡುವಂತೆ ನೋಡುತ್ತ ನಿಂತರು. ಮಕ್ಕಳು ಕಂದು ಕಾಗದವನ್ನು ಮಡಿಸಿ ಹಕ್ಕಿ ಮಾಡಿದರು.

ಛತ್ರಿಯನ್ನು ನೇತುಹಾಕಲು ಎತ್ತರದವರು ಬೇಕಾಯಿತು. ಪಿ.ಟಿ. ಮೇಷ್ಟ್ರು ಮೇಜು ಹತ್ತಿದರು. "ಕೊಕ್ಕೆ ಗಟ್ಟಿ ಇದೆಯಾ ಅಂತ ನೋಡ್ತಿದೀನಿ ಅಷ್ಟೇ, ಮುಂದೆ ನಂಗೇ ಬೇಕಾಗುತ್ತೆ" ಎನ್ನುತ್ತ ಛತ್ರಿಯನ್ನು ಭದ್ರವಾಗಿ ಕಟ್ಟಿಕೊಟ್ಟರು. ಕಿಟಕಿಗಳಿಗೆ ಪರದೆ ಎಳೆದರು. ಪ್ರಶ್ನೆಪತ್ರಿಕೆ ಸ್ವಿಚ್ಚು ಒತ್ತಿದಳು.

ಛತ್ರಿಯ ಅಸ್ಥಿಪಂಜರ ನಿದ್ದೆಯಿಂದೇಳುವಂತೆ ಅಲುಗಾಡಿ, ನಿಧಾನಕ್ಕೆ ತಿರುಗಿತು. ಕಡ್ಡಿಗಳಿಂದ ಇಳಿಬಿಟ್ಟ ಹಕ್ಕಿಗಳೂ ತಿರುಗಿದವು. ಅವುಗಳ ಹೊಟ್ಟೆಯೊಳಗೆ ಸಣ್ಣ ಬಲ್ಬುಗಳು ಉರಿಯುತ್ತಿದ್ದವು. ಗೋಡೆಯ ಮೇಲೆ, ಬೀರುಗಳ ಗಾಜಿನ ಮೇಲೆ, ಪಿ.ಟಿ. ಮೇಷ್ಟ್ರ ಅಂಗಿಯ ಮೇಲೆ ದೊಡ್ಡ ದೊಡ್ಡ ರೆಕ್ಕೆಗಳ ನೆರಳು ಹಾದುಹೋಗುತ್ತಿತ್ತು. ಹಕ್ಕಿಗಳಿಗೆ ಎಲ್ಲಿಗೂ ತಲುಪುವ ಆತುರವಿರಲಿಲ್ಲ.

ಅಧಿಕಾರಿ ಮಕ್ಕಳ ಬೆಂಚಿನ ಮೇಲೆ ಕೂತರು. ಮೊಣಕಾಲು ಗಲ್ಲಕ್ಕೆ ತಾಗಿತು. "ನಾನು ಸ್ವಲ್ಪ ಇಲ್ಲೇ..." ಎಂದರು. ಚರ್ಮದ ಚೀಲ ಜಾರಿ ನೆಲಕ್ಕೆ ಬಿತ್ತು. ಅವರೂ ನೆಲಕ್ಕೆ ಜಾರಿ, ಅದರ ಮೇಲೆ ತಲೆಯಿಟ್ಟು ನಿದ್ದೆಹೋದರು.

ಹೆಡ್ ಮೇಡಂ ತುದಿಗಾಲಲ್ಲಿ ಹೊರಗೆ ಬಂದರು. ಅಧಿಕಾರಿಯ ನಿದ್ದೆ ಕೆಡಿಸಿದರೆ ಶಾಲೆ ಕೆಟ್ಟಂತೆಯೇ. "ಗಂಟೆ ಹೊಡೀಬೇಡ" ಎಂದು ಜವಾನನಿಗೆ ಹೇಳಿದರು. ಗಂಟೆ ಹೊಡೆಯಲಿಲ್ಲ. ಗಂಟೆ ಹೊಡೆಯದ ಮೇಲೆ ಶಾಲೆ ಬಿಡುವುದು ಹೇಗೆ? ಪಾಠ ಮುಗಿಸಿದ ಶಿಕ್ಷಕರು ಅದೇ ಪಾಠವನ್ನು ಹಿಂದಿನಿಂದ ಮುಂದಕ್ಕೆ ಮಾಡತೊಡಗಿದರು. ಗೇಟಿನ ಮುಂದೆ ಪೋಷಕರು ಸೇರಿದರು.

"ಯಾಕ್ರೀ ಬಿಟ್ಟಿಲ್ಲ?"

"ಮೇಲ್ಗಡೆ ಅಧಿಕಾರಿ ಮಲಗಿದಾರೆ" ಎಂದ ಕಾವಲುಗಾರ.

ಈ ಮಾತು ಗೇಟಿನಿಂದ ಚಹಾದಂಗಡಿ ತಲುಪುವಾಗ ಅಧಿಕಾರಿ ಬಿದ್ದಿದ್ದರು. ದಿನಸಿ ಅಂಗಡಿ ತಲುಪುವಾಗ ಅವರಿಗೆ ಗ್ರಂಥಪಾಲಕರ ಯಂತ್ರದಿಂದ ಕರೆಂಟು ಹೊಡೆದಿತ್ತು. ಪೋಸ್ಟ್‌ಮ್ಯಾನ್ ಕಿವಿಗೆ ಬಿದ್ದ ಮೇಲೆ ಕೇಳುವುದೇ ಬೇಡ: "ಮೇಷ್ಟ್ರು ಅವ್ರನ್ನ ಬರೀ ನೋಡಿದ್ರಂತೆ. ನಾನು ಮೊದ್ಲೇ ಹೇಳಿರ್ಲಿಲ್ವಾ, ಆ ನೋಟ ಸಾಮಾನ್ಯದ್ದಲ್ಲ ಅಂತ."

ಹೆಡ್ ಮೇಡಂ ಜವಾನನನ್ನು ಮೇಲೆ ಕಳಿಸಿದರು: "ಎದ್ರಾ ನೋಡ್ಕೊಂಡು ಬಾ." ಜವಾನ ಬರಲಿಲ್ಲ. ಜವಾನನನ್ನು ಕರೆಯಲು ಒಂದನೇ ತರಗತಿಯ ಟೀಚರ್ ಹೋದರು, ಅವರೂ ಬರಲಿಲ್ಲ. ಮೊದಲೇ ಒಳಗಿದ್ದ ಪಿ.ಟಿ. ಮೇಷ್ಟ್ರು ಟೇಪನ್ನು ಎದೆಯ ಮೇಲಿಟ್ಟುಕೊಂಡು ನೆಲದ ಮೇಲೆ ಅಂಗಾತ ಮಲಗಿ ಹಕ್ಕಿ ನೋಡುತ್ತಿದ್ದರು. ಗೇಟು ತಳ್ಳಿಕೊಂಡು ಬಂದ ದಿನಸಿ ಅಂಗಡಿಯವನು, "ನನ್ನ ಮಗ ಎಲ್ಲಿ" ಎಂದು ಗುಡುಗುತ್ತ ಮೆಟ್ಟಿಲು ಹತ್ತಿದ. ಆ ಗುಡುಗು ಬಾಗಿಲವರೆಗೆ ಕೇಳಿಸಿ, ಒಳಗೆ ಹೋದ ಮೇಲೆ ಸುಮ್ಮನಾಯಿತು. ಕೊನೆಗೆ ಗ್ರಂಥಪಾಲಕರ ಹೆಂಡತಿ ಓಡಿಬಂದಳು. ಗಂಡನ ಯಂತ್ರ ಒಬ್ಬ ಅಧಿಕಾರಿಯನ್ನು ಬೀಳಿಸಿದೆಯೆಂದು ಕೇಳಿ, ಅದು ನಿಜವಿರಲಾರದು, ಯಂತ್ರ ಇವರನ್ನೇ ಬೀಳಿಸಿರಬೇಕು ಎಂದು ಹೆದರಿ ಬಂದಿದ್ದಳು.

ಅವಳು ಬಾಗಿಲಲ್ಲಿ ನಿಂತಳು. ಬೀದಿಯ ಅರ್ಧ ಜನ ಕತ್ತಲಲ್ಲಿ ನೆಲದ ಮೇಲೆ ಒರಗಿ, ಬಾಯಿ ತೆರೆದು, ಮೇಲೆ ನೋಡುತ್ತಿದ್ದರು. ನೆರಳಿನ ರೆಕ್ಕೆಯೊಂದು ಅವಳ ಮುಖ ದಾಟಿತು. ಗಂಡ ಅಧಿಕಾರಿಯ ಪಕ್ಕದಲ್ಲಿ ಸುಖವಾಗಿ ಕೂತಿದ್ದ. ಅವಳು ಮೇಲೆ ತಿರುಗುತ್ತಿದ್ದ ಕಡ್ಡಿಗಳನ್ನು ಎಣಿಸಿದಳು.

"ರೀ" ಎಂದಳು ಆಮೇಲೆ, ಮೆಲ್ಲಗೆ. "ಆ ಛತ್ರಿ ನಂದು."

"ಶ್" ಎಂದರು ಮಕ್ಕಳು.

ಬ್ಯಾಟರಿ ಮುಗಿದಾಗ ಹಕ್ಕಿಗಳು ನಿಂತವು. ಅಧಿಕಾರಿ ಎದ್ದರು. ಸುತ್ತ ನೋಡಿ, ಕ್ರಾಪು ಸರಿಮಾಡಿಕೊಂಡು, "ಪರಿಶೀಲನೆ ಮುಗಿಯಿತು" ಎಂದರು. ಗ್ರಂಥಪಾಲಕರ ಕೈ ಕುಲುಕಿದರು. "ಇಷ್ಟು ವರ್ಷದ ಸರ್ವಿಸಲ್ಲಿ ನಾನು ಇಷ್ಟು ಆಳವಾಗಿ ಯಾವ ಶಾಲೇನೂ ನೋಡಿಲ್ಲ. ಮುಂದಿನ ವಾರ ಮೇಲಧಿಕಾರಿಗಳನ್ನೇ ಕರ್ಕೊಂಡು ಬರ್ತೀನಿ. ಅಲ್ಲಿವರೆಗೆ ಇದನ್ನ ಹೀಗೇ ಇಡಿ. ಬೀಗ ಹಾಕಿ. ಮಕ್ಕಳ ಕೈ ತಾಗಬಾರ್ದು."

ಕೊಠಡಿ ಉಳಿಯಿತು. ಪಿ.ಟಿ. ಮೇಷ್ಟ್ರು ಟೇಪು ಸುತ್ತಿಕೊಂಡು ಹೋದರು.

ಮರುದಿನದಿಂದ ಗ್ರಂಥಪಾಲಕರು ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ ಒಬ್ಬರೇ ಕೂತರು. ಬಿಸಿಲು ಬಂತು, ಧೂಳು ಏರಿತು, ಇಳಿಯಿತು. ಅಭ್ಯಾಸಬಲದಿಂದ ಒಮ್ಮೆ "ಶ್" ಎಂದರು. ಬೀರುಗಳು ಮೊದಲೇ ಸುಮ್ಮನಿದ್ದವು. ಮಕ್ಕಳು ವರಾಂಡದ ಕಡೆಯ ಸಣ್ಣ ಕಿಟಕಿಗೆ ಮೂಗು ಒತ್ತಿ ನೋಡಿ, ಉಸಿರಿನ ಮಂಜು ಬಿಟ್ಟು ಹೋದರು. ನಾಲ್ಕನೇ ದಿನ ಒಂದು ಹಕ್ಕಿ ತಾನಾಗಿ ಉದುರಿತು.

ಅದನ್ನು ಮತ್ತೆ ಕಟ್ಟೋಣವೆಂದು ಗ್ರಂಥಪಾಲಕರು ಮೇಜು ಹತ್ತಿದರು. ಅವರು ಕಟ್ಟಿದ್ದು ಒಂದು, ಬಿದ್ದದ್ದು ಮೂರು. ಮೂರನ್ನು ಕಟ್ಟಲು ಹೋದಾಗ ಒಂದು ವೈರು ಕಿತ್ತು ಬಂತು, ಅದನ್ನು ಎಲ್ಲಿಗೆ ಸೇರಿಸುವುದೆಂದು ನೋಡುವಾಗ ಇನ್ನೊಂದು. ಮೇಲಧಿಕಾರಿ ಬರಲು ಇನ್ನೆರಡೇ ದಿನ. ಅವರು ಮೇಜಿನ ಮೇಲೆ ನಿಂತೇ, ಕಿಟಕಿಯಾಚೆಗಿನ ಮೂಗೊಂದಕ್ಕೆ ಕೈಸನ್ನೆ ಮಾಡಿದರು. ಅದು ಪ್ರಶ್ನೆಪತ್ರಿಕೆಯ ಮೂಗು.

"ಬಾಗಿಲಿಂದ ಬರ್ಲಾ ಸರ್, ಕಿಟಕಿಯಿಂದ್ಲಾ?"

"ಯಾವುದ್ರಿಂದ ಬಂದ್ರೆ ಯಾರೂ ನೋಡಲ್ವೋ ಅದ್ರಿಂದ."

ಅವಳು ಬಂದಳು. ಅವಳ ಹಿಂದೆ, ಯಾರೂ ನೋಡದ ಹಾಗೆ, ಇಡೀ ಮೂರನೇ ತರಗತಿ ಬಂತು. ಬೇರೆ ಬ್ಯಾಟರಿ ಹಾಕಿದಾಗ ಹಕ್ಕಿಗಳು ಮತ್ತೆ ಹಾರಿದವು. ಎಲ್ಲರೂ ಸ್ವಲ್ಪ ಹೊತ್ತು ನೋಡಿದರು.

"ಸರ್, ಇದನ್ನ ಓದಿ ಆಯ್ತು" ಎಂದಳು ಪ್ರಶ್ನೆಪತ್ರಿಕೆ. "ಬೇರೆ ಮಾಡೋಣ."

"ಮೇಲಧಿಕಾರಿ ಬರ್ತಾರಮ್ಮ."

"ಅವ್ರು ಬಂದು ನೋಡೋದಷ್ಟೇ ತಾನೇ? ನಾವು ಸುಮ್ನೆ ಹೊರಗೆ ನಿಂತಿರ್ಬೇಕಾ? ನನ್ನ ಮೋಟಾರು ಮೀನು ಆಗ್ಬೇಕು ಅಂತಿದೆ. ನಮ್ಮನೇಲಿ ದೊಡ್ಡ ಟಬ್ಬು ಇದೆ. ಮನೆಗೆ ತಗೊಂಡು ಹೋಗ್ಲಾ?"

ಗ್ರಂಥಪಾಲಕರು ಮೇಲೆ ನೋಡಿದರು. ಮೊಹರು ಬಿದ್ದ ಮೋಟಾರು ಛತ್ರಿಯ ನಡುವೆ ಗುಂಯ್‌ಗುಡುತ್ತಿತ್ತು. ಓದಿ ಮುಗಿಸಿದವರನ್ನು ಅದೇ ಪುಸ್ತಕದ ಮುಂದೆ ನಿಲ್ಲಿಸಿಟ್ಟುಕೊಳ್ಳುವ ನಿಯಮ ಯಾವ ಗ್ರಂಥಾಲಯದಲ್ಲೂ ಇಲ್ಲ. ಅವರು ಕುರ್ಚಿಗೆ ಹೋಗಿ ಕೂತು, ಮೊಹರಿನ ಡಬ್ಬಿ ತೆರೆದರು.

"ಸಾಲಾಗಿ ಬನ್ನಿ" ಎಂದರು. "ಒಬ್ಬರಿಗೆ ಒಂದು ಕೈ ತುಂಬ. ಬೇಕಾದವ್ರು ಪುಸ್ತಕಾನೂ ತಗೊಳ್ಳಿ. ಆ ಮೂರು ಕಾಲಿನ ರಾಜನ್ನ ಮಾತ್ರ ನಾನು ಓದಿ ಆಮೇಲೆ ಕೊಡ್ತೀನಿ."

ಎರಡು ದಿನದ ನಂತರ ಮೇಲಧಿಕಾರಿ, ಅಧಿಕಾರಿ, ಹೆಡ್ ಮೇಡಂ, ಅವರ ಹಿಂದೆ ಪಿ.ಟಿ. ಮೇಷ್ಟ್ರು ಬಂದು ಬಾಗಿಲು ತೆಗೆಸಿದರು. ಕೊಕ್ಕೆಯಿಂದ ಖಾಲಿ ಛತ್ರಿಯ ಕಡ್ಡಿಗಳು ನೇತಾಡುತ್ತಿದ್ದವು. ಬೀರುಗಳಲ್ಲಿ ಹಲ್ಲು ಬಿದ್ದ ಬಾಯಿಯಂತೆ ಸಂದುಗಳು.

"ಎಲ್ಲಿ?" ಎಂದರು ಅಧಿಕಾರಿ. ಅವರು ಸ್ವಂತ ಖರ್ಚಿನಲ್ಲಿ ಒಂದು ಸಣ್ಣ ದಿಂಬು ತಂದಿದ್ದರು.

"ಮನೆಗೆ ಹೋಗಿದೆ ಸರ್. ಓದೋಕೆ ಕೊಟ್ಟಿದೀನಿ."

"ಯಾವಾಗ ವಾಪಸ್ ಬರುತ್ತೆ?"

"ಓದಿ ಮುಗಿದ ಮೇಲೆ."

ಮೇಲಧಿಕಾರಿ ಹೆಡ್ ಮೇಡಂ ಕಡೆ ನೋಡಿದರು. ಹೆಡ್ ಮೇಡಂ ಪಿ.ಟಿ. ಮೇಷ್ಟ್ರ ಕಡೆ ನೋಡಿದರು. ಪಿ.ಟಿ. ಮೇಷ್ಟ್ರು ಹೋಗಿ ಮ್ಯಾಟುಗಳನ್ನು ತಂದರು. ಒಳಗೆ ಜೋಡಿಸುವಾಗ ಅವರು ಗ್ರಂಥಪಾಲಕರ ಮುಖ ನೋಡಲಿಲ್ಲ. "ಬೇಕಾದ್ರೆ ಮಧ್ಯಾಹ್ನ ಬಂದು ಮ್ಯಾಟಿನ ಮೇಲೆ ಮಲಗಿ ಸಾರ್" ಎಂದರು.

ಬೀರುಗಳು ಕೆಳಗಿನ ವರಾಂಡಕ್ಕೆ ಬಂದವು. ಅಲ್ಲಿ ಕುಡಿಯುವ ನೀರಿನ ನಲ್ಲಿಯ ಪಕ್ಕ ಒಂದು ಮೇಜು ಹಾಕಿಕೊಟ್ಟರು. ಅಲ್ಲಿಗೆ ಬಿಸಿಲು ಬರುವುದಿಲ್ಲ. ಗ್ರಂಥಪಾಲಕರು ಬೆಳಿಗ್ಗೆ ಹಾಜರಿ ಬರೆದು, ಮಧ್ಯಾಹ್ನ ಆ ಮೇಜಿಗೆ ಬರುತ್ತಾರೆ. ಮಕ್ಕಳು ಸುತ್ತ ನಿಂತು ಒಟ್ಟಿಗೆ ಮಾತಾಡುತ್ತಾರೆ. ಮೀನು ಈಜಲಿಲ್ಲ, ಮುಳುಗಿತು, ಬಾಲ ಇನ್ನೂ ಉದ್ದ ಬೇಕಂತೆ. ಯಾರದೋ ಗಾಡಿ ಅಜ್ಜಿಯ ಮಂಚದ ಕೆಳಗೆ ಹೋದದ್ದು ಹೊರಗೆ ಬಂದಿಲ್ಲ. ಗದ್ದಲದಲ್ಲಿ ನಿದ್ದೆಯ ಪಕ್ಕದ ಮನೆಗೆ ಹೋಗಲು ಅವರಿಗೆ ಪುರುಸೊತ್ತಿಲ್ಲ.

ವರ್ಷದ ಕೊನೆಗೆ ಲೆಕ್ಕ ತೆಗೆದರು. ಕಳೆದದ್ದು ಇಷ್ಟು: ಮೋಟಾರು ನಾಲ್ಕು, ಚಕ್ರ ಹದಿನೇಳು, ಬಲ್ಬು ಒಂಬತ್ತು, ಪುಸ್ತಕ ಐವತ್ತೊಂದು, ಕೊಠಡಿ ಒಂದು.